ಜರಿಚಿಗುರು ತಿನ್ನದವರ ಸಾಲು

ಹುವೈ ತೊಂಗ್ ಹಳ್ಳಿ, ಉದೋಮ್‌ಸಾಯ್
೯ ಮಾರ್ಚ್ ೨೦೦೬

ತಂಗಿ ಪೆಂಗ್‌ಗೆ,

ಈ ಕಾಗದಕ್ಕೆ ಮೀನಿನ ವಾಸನೆ ಇದ್ದರೆ ಬೇಸರ ಮಾಡಿಕೊಳ್ಳಬೇಡ. ಬಸ್ಸಿನ ಡ್ರೈವರ್ ತಾನ್ ಮಾವ ಕಾಗದಗಳನ್ನೆಲ್ಲ ಒಣಮೀನಿನ ಬುಟ್ಟಿಯಲ್ಲೇ ತುರುಕುತ್ತಾನೆ. ಕೇಳಿದರೆ, "ಅಲ್ಲಿಟ್ರೆ ಯಾವ ಪೊಲೀಸೂ ಕೈ ಹಾಕಲ್ಲ ಕಣಮ್ಮ" ಎನ್ನುತ್ತಾನೆ.

ವಸತಿಶಾಲೆಯಲ್ಲಿ ನನಗೆ ಅಂಟಿಕೊಂಡ ತಂಗಿ ನೀನು, ಊರು ಬಿಟ್ಟು ಹದಿನಾಲ್ಕು ವರ್ಷವಾಯಿತು. ನಿನ್ನಮ್ಮ ಚೆನ್ನಾಗಿದ್ದಾರೆ. ನಿನ್ನಣ್ಣನಿಗೆ ಮೂರನೆಯದೂ ಹೆಣ್ಣು. ಇಷ್ಟು ಊರಿನ ಸುದ್ದಿ. ಇನ್ನು ನನ್ನ ಸುದ್ದಿ.

ಮೊನ್ನೆ ಸಾಯ್ ಪಟ್ಟಣಕ್ಕೆ ಉಪ್ಪು ತರಲು ಹೋಗಿದ್ದೆ. ಜಿಲ್ಲಾ ಕಚೇರಿಯ ಗೋಡೆಯ ಮೇಲೆ ಒಂದು ಪ್ರಕಟಣೆ ಅಂಟಿಸಿದ್ದರು. ಮೇಲೆ ಬಟ್ಟಲಿನ ಚಿತ್ರ. ನಿನ್ನ ಸಂಸ್ಥೆಯದೇ! ಬೆಟ್ಟದ ಮೂರು ತಾಲ್ಲೂಕುಗಳ ಶಾಲೆಗಳಿಗೆ ಮಧ್ಯಾಹ್ನದ ಊಟದ ಮೇಲ್ವಿಚಾರಕರು ಬೇಕಂತೆ. ನಮ್ಮ ಖ್ಮು ಮಾತು ಬರಬೇಕಂತೆ. "ಬೆಟ್ಟದ ಜನರು, ಅದರಲ್ಲೂ ಹೆಂಗಸರು, ಅರ್ಜಿ ಹಾಕುವುದನ್ನು ಸ್ವಾಗತಿಸುತ್ತೇವೆ" ಎಂದು ಕೊನೆಯಲ್ಲಿ ಬರೆದಿತ್ತು. ನಾನು ಎರಡು ಸಲ ಓದಿದೆ. ಪಕ್ಕದಲ್ಲಿ ನಿಂತಿದ್ದವನನ್ನು, "ಅಣ್ಣ, ಇದು ನಮ್ಮನ್ನೇ ಅಂದದ್ದಾ?" ಎಂದು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬರ್ದಿರೋದಂತೂ ಹಂಗೇ" ಎಂದ.

ನಿನಗೆ ಗೊತ್ತಲ್ಲ, ಹನ್ನೊಂದು ವರ್ಷದಿಂದ ಇಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಮನೆಗೊಂದು ಬುಟ್ಟಿ ಭತ್ತ, ಅದೇ ಸಂಬಳ. ಬರುವ ಸೆಪ್ಟೆಂಬರಿಗೆ ತರಬೇತಿ ಪತ್ರ ಇರುವ ಮೇಷ್ಟರು ಬರುತ್ತಾರಂತೆ. ಆಮೇಲೆ ನನಗೆ ಶಾಲೆಯಲ್ಲಿ ಜಾಗವಿಲ್ಲ. ಮೂವತ್ತೆಂಟನೇ ವಯಸ್ಸಿಗೆ ಮತ್ತೆ ಕಳೆ ಕೀಳಲು ಹೋಗಬೇಕು. ಕಳೆ ಕೀಳುವುದು ನಾಚಿಕೆಯ ಕೆಲಸವಲ್ಲ. ಆದರೆ ಕಲಿತದ್ದೆಲ್ಲ ಹಾಗೇ ತುಕ್ಕು ಹಿಡಿಯುತ್ತದಲ್ಲ ಎಂದು ಸಂಕಟ.

ಹಿಂದಿನ ಮೇಲ್ವಿಚಾರಕ ಕೆಳಸೀಮೆಯವನು. ಬಂದು ಒಂದು ಗಂಟೆ ಲಾವ್ ಭಾಷೆಯಲ್ಲಿ ಭಾಷಣ ಮಾಡಿದ. ಅಡುಗೆ ಹೆಂಗಸರು ತಲೆ ಆಡಿಸಿದರು. ಅವನು ಹೋದ ಮೇಲೆ, "ಏನಂದ?" ಎಂದು ಕೇಳಿದೆ. "ಚೆನ್ನಾಗಿ ಮಾತಾಡ್ತಾನೆ" ಎಂದರು. "ಏನಂದ ಅಂತ ಕೇಳಿದ್ದು ಕಣ್ರೇ." "ಅದ್ಯಾರಿಗ್ಗೊತ್ತು? ಹಲ್ಲು ಮಾತ್ರ ಸಾಲಾಗಿವೆ." ಮಕ್ಕಳ ಗಂಜಿಗೆಂದು ಅವನು ಕೊಟ್ಟುಹೋದ ಹಳದಿ ಹಿಟ್ಟನ್ನು ಏನು ಮಾಡಬೇಕೆಂದು ತಿಳಿಯದೆ ಹಂದಿಗಳಿಗೆ ಹಾಕಿದರು. ನಮ್ಮೂರ ಹಂದಿಗಳಷ್ಟು ಪುಷ್ಟಿಯಾದ ಹಂದಿಗಳು ಇಡೀ ಪ್ರಾಂತ್ಯದಲ್ಲಿ ಇಲ್ಲ ಈಗ. ಮಕ್ಕಳು ಮಾತ್ರ ಹಾಗೇ ಇದ್ದಾರೆ.

ಲೋಕದ ಜನರೆಲ್ಲ ಸೋರೆಕಾಯಿಯಿಂದ ಹೊರಬಂದಾಗ ನಾವೇ ಮೊದಲು ಬಂದದ್ದು ಎಂದು ಅಜ್ಜಿ ಹೇಳುತ್ತಿದ್ದಳು. ಹುಟ್ಟುವಾಗ ಮೊದಲು, ಕೆಲಸದ ಸರದಿಯಲ್ಲಿ ಕೊನೆ. ಒಂದು ಸಲ ಸರದಿಯಲ್ಲಿ ನಿಂತು ನೋಡೋಣವೇ?

ನೀನು ಯಾರಿಗಾದರೂ ಒಂದು ಮಾತು ಹೇಳು ಎಂದು ಕೇಳುತ್ತಿಲ್ಲ. ಅರ್ಜಿ ಹಾಕಿದರೆ ನಗೆಪಾಟಲಾಗುತ್ತೇನೋ ಇಲ್ಲವೋ, ಅಷ್ಟು ಹೇಳು.

ನಿನ್ನ ಅಕ್ಕ,
ಫನ್

*

ವಿಯೆಂಟಿಯಾನ್
೨೭ ಮಾರ್ಚ್ ೨೦೦೬

ಫನ್ ಅಕ್ಕನಿಗೆ ನಮಸ್ಕಾರ.

ಕಾಗದ ತಲುಪಿತು. ಅರ್ಜಿ ಹಾಕಿ. ಯಾರೂ ನಗುವುದಿಲ್ಲ.

ಈಗ ಆಯ್ಕೆಯ ಕ್ರಮ ಬದಲಾಗಿದೆ. ನೇಮಕಾತಿ ವಿಭಾಗಕ್ಕೆ ಹೊಸ ಮುಖ್ಯಸ್ಥೆ ಬಂದಿದ್ದಾರೆ, ಕೀನ್ಯಾ ದೇಶದ ವಂಬುಯಿ ಮೇಡಂ. ಅರ್ಜಿಯಲ್ಲಿ ಹೆಸರು, ಊರು, ಜನಾಂಗ, ಇವುಗಳ ಮೇಲೆಲ್ಲ ಕಪ್ಪು ಮಸಿ ಬಳಿದು ಬರೀ ಒಂದು ಸಂಖ್ಯೆ ಹಾಕುತ್ತಾರೆ. ಅಂಕ ಕೊಡುವವರಿಗೆ ಅರ್ಜಿ ಯಾರದೆಂದು ತಿಳಿಯುವುದಿಲ್ಲ. ಹಾಗಾಗಿ ಯಾರ ಶಿಫಾರಸೂ ನಡೆಯುವುದಿಲ್ಲ, ಯಾರ ತಾತ್ಸಾರವೂ ನಡೆಯುವುದಿಲ್ಲ. ನಾನು ಆ ಆಯ್ಕೆ ಸಮಿತಿಯಲ್ಲಿ ಇಲ್ಲ.

ಎರಡು ವಿಷಯ. ಅರ್ಜಿಯಲ್ಲಿ ಎಲ್ಲಿಯೂ ನನ್ನ ಹೆಸರು ಬರೆಯಬೇಡಿ. ಇನ್ನು ಮುಂದೆ ಕಾಗದವನ್ನು ಕಚೇರಿಯ ವಿಳಾಸಕ್ಕೆ ಕಳಿಸಬೇಡಿ. ಉತ್ತರದ ಬಸ್ ನಿಲ್ದಾಣದ ಎದುರು ಒಬ್ಬ ಅಜ್ಜಿಯ ನೂಡಲ್ ಅಂಗಡಿ ಇದೆ. ಡ್ರೈವರ್ ಅಲ್ಲಿ ಕೊಟ್ಟರೆ ಸಾಕು, ನಾನು ತೆಗೆದುಕೊಳ್ಳುತ್ತೇನೆ.

ಅಮ್ಮನಿಗೆ ಒಂದು ಸ್ವೆಟರ್ ಕಳಿಸಿದ್ದೇನೆ. ಕೆಲಸ ಬಹಳವಿದೆ.

ಇಂತಿ,
ಫೆಂಗ್‌ಸಾವನ್

*

ಹುವೈ ತೊಂಗ್
೨ ಮೇ ೨೦೦೬

ತಂಗಿ ಪೆಂಗ್‌ಗೆ,

ಕೆಳಗೆ ಫೆಂಗ್‌ಸಾವನ್ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಹೇಳಿದಾಗ ನಿನ್ನಮ್ಮ, "ಇದ್ಯಾರೇ ಇವಳು, ಸ್ವೆಟರ್ ಕಳ್ಸಿರೋ ಪುಣ್ಯಾತ್ಗಿತ್ತಿ?" ಎಂದು ಕೇಳಿದರು. ದೊಡ್ಡ ಕಚೇರಿಗೆ ದೊಡ್ಡ ಹೆಸರು ಬೇಕಾಗುತ್ತದೆ ಎಂದು ಹೇಳಿದೆ. ನಿನ್ನ ಕಚೇರಿಯ ಟಪಾಲು ಅಷ್ಟು ಕೆಟ್ಟಿದೆಯೇ? ಬೇರೆಯವರ ಕಾಗದ ಒಡೆದು ಓದುತ್ತಾರೇನು? ಇರಲಿ, ನೂಡಲ್ ಅಜ್ಜಿಗೆ ಒಂದು ಕಟ್ಟು ಒಣಗಿದ ಬೆತ್ತದ ಚಿಗುರು ಕಳಿಸಿದ್ದೇನೆ.

ಅರ್ಜಿ ಹಾಕಿದೆ! ಹೊಸವರ್ಷದ ನೀರೆರಚಾಟ ಮುಗಿದ ಮಾರನೇ ದಿನವೇ ಕುಳಿತು ಬರೆದೆ. ಊರಿನ ಅರ್ಧ ಜನ ಸುತ್ತ ಕುಳಿತಿದ್ದರು. ಊರ ಮುಖ್ಯಸ್ಥನ ಹೆಂಡತಿ, "ಅಕ್ಷರ ದಪ್ಪಕ್ಕೆ ಬರಿಯೇ, ಸಣ್ಣಕೆ ಬರದ್ರೆ ಹೆದರ್ಕೊಂಡವಳೆ ಅಂತಾರೆ" ಎಂದು ಕಿವಿಯ ಹತ್ತಿರ ಗುನುಗುತ್ತಲೇ ಇದ್ದಳು.

ಅದರಲ್ಲಿ ಒಂದು ಪ್ರಶ್ನೆ ಇತ್ತು. "ಶಾಲೆಯ ಊಟದಲ್ಲಿ ನೀವು ಕಂಡ ಒಂದು ತೊಡಕು, ಅದನ್ನು ಹೇಗೆ ಬಿಡಿಸಿದಿರಿ?" ನಾನು ಅಡುಗೆಮನೆಯ ಗೋಡೆಯ ಕಥೆ ಬರೆದೆ. ನಿನಗೂ ಹೇಳುತ್ತೇನೆ, ನೀನು ನೋಡಿಲ್ಲವಲ್ಲ.

ಮೂರು ವರ್ಷದ ಹಿಂದೆ ಪಕ್ಕದ ಊರಿನಿಂದ ಒಬ್ಬಳು ಅಡುಗೆಗೆ ಬಂದಳು. ಮಳೆಗಾಲದಲ್ಲಿ ದಿನವೂ ಜರಿಗಿಡದ ಸುರುಳಿ ಚಿಗುರಿನ ಸಾರು. ಏಳು ಮಕ್ಕಳು ಬಟ್ಟಲು ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದವು. "ಕೊಬ್ಬು ಇವಕ್ಕೆ" ಎಂದು ಅವಳು ಬೈಯುತ್ತಿದ್ದಳು. ಕೊಬ್ಬಲ್ಲ, ಅವು ನಮ್ಮ ಕುಲದ, ನಮ್ಮ ಬೆಡಗಿನ ಮಕ್ಕಳು. ಜರಿ ನಮ್ಮ ಮುತ್ತಜ್ಜ. ಮುತ್ತಜ್ಜನನ್ನು ಯಾರಾದರೂ ಸಾರು ಮಾಡಿಕೊಂಡು ತಿನ್ನುತ್ತಾರೆಯೇ? ಮಕ್ಕಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹಸಿದು ಮನೆಗೆ ಹೋಗುತ್ತವೆ. ಆಮೇಲೆ ಶಾಲೆಗೇ ಬರುವುದಿಲ್ಲ.

ಒಂದು ಭಾನುವಾರ ಇದ್ದಿಲು ತೆಗೆದುಕೊಂಡು ಅಡುಗೆಮನೆಯ ಗೋಡೆಯ ಮೇಲೆ ಸಾಲಾಗಿ ಚಿತ್ರ ಬರೆದೆ. ಜರಿ, ಪುನುಗಿನ ಬೆಕ್ಕು, ನೀರುನಾಯಿ, ಮಂಗಟ್ಟೆ ಹಕ್ಕಿ. ಒಂದೊಂದರ ಮುಂದೆ ಅದನ್ನು ತಿನ್ನದ, ಮುಟ್ಟದ ಬೆಡಗಿನ ಮಕ್ಕಳ ಹೆಸರು. ಅಡುಗೆಯವಳಿಗೆ ಓದಲು ಬಾರದು, ಆದರೆ ಎಣಿಸಲು ಬರುತ್ತದೆ. ಇಂದು ಜರಿ ಸಾರಾದರೆ ಏಳು ಬಟ್ಟಲು ಸೋರೆಕಾಯಿ ಸಾರು. ಅಷ್ಟೇ. ಒಂದು ತಿಂಗಳಲ್ಲಿ ಏಳೂ ಮಕ್ಕಳು ತಿರುಗಿ ಬಂದರು.

ನನಗೆ ಇದು ಹೇಗೆ ಹೊಳೆಯಿತು ಎಂಬುದನ್ನೂ ಬರೆದೆ. ವಸತಿಶಾಲೆಯಲ್ಲಿ ನನಗಿಂತ ಚಿಕ್ಕ ಹುಡುಗಿಯೊಬ್ಬಳು ಇದೇ ಸಾರು ಬಡಿಸಿದ್ದಕ್ಕೆ ಮೂರು ದಿನ ಉಪವಾಸ ಇದ್ದಳು, ನಾಲ್ಕನೇ ದಿನ ಬಾವಿಯ ಹತ್ತಿರ ಕುಸಿದಳು, ಆಮೇಲೆ ಮಳೆ ಮುಗಿಯುವವರೆಗೆ ನಾವಿಬ್ಬರೂ ನನ್ನ ಪಾಲಿನ ಅಂಟನ್ನಕ್ಕೆ ಉಪ್ಪುಮೆಣಸು ಅದ್ದಿಕೊಂಡು ತಿಂದೆವು ಎಂದು. ಹೆಸರು ಬರೆಯಲಿಲ್ಲ. ನಿನ್ನ ಮಾತು ಮೀರಿಲ್ಲ.

ಗೋಡೆಯ ಮೇಲೆ ಮಾತ್ರ ನಿನ್ನ ಹೆಸರಿದೆ. ಜರಿಯ ಸಾಲಿನಲ್ಲಿ ಮೊಟ್ಟಮೊದಲು 'ಪೆಂಗ್' ಎಂದು ಬರೆದಿದ್ದೇನೆ. ಚಿಕ್ಕವಳೊಬ್ಬಳು, "ಇವ್ಳು ಯಾವ ತರಗತಿ, ಟೀಚರ್?" ಎಂದು ಕೇಳಿದಳು. "ಇವ್ಳು ರಾಜಧಾನೀಲಿ ದೊಡ್ಡ ಕಚೇರೀಲಿ ಕೂತವಳೆ. ಅವಳೂ ಜರಿ ತಿನ್ನಲ್ಲ" ಎಂದೆ. ಆ ದಿನದಿಂದ ಅವಳು ಬಟ್ಟಲು ಪಕ್ಕಕ್ಕೆ ತಳ್ಳುವಾಗ ರಾಣಿಯ ಹಾಗೆ ತಳ್ಳುತ್ತಾಳೆ.

ಫಲಿತಾಂಶ ಜುಲೈನಲ್ಲಿ ಎಂದು ಬರೆದಿದೆ. ಏನಾದರೂ ಕಿವಿಗೆ ಬಿದ್ದರೆ ಹೇಳು. ಬೀಳದಿದ್ದರೆ ಬೇಡ.

ಫನ್

*

ವಿಯೆಂಟಿಯಾನ್
೧೧ ಜುಲೈ ೨೦೦೬

ಫನ್ ಅಕ್ಕನಿಗೆ,

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಹುಷಾರಿರಲಿಲ್ಲ. ಹದಿನೈದು ದಿನದಿಂದ ಬಾಯಿಹುಣ್ಣು, ಗಂಜಿ ಬಿಟ್ಟು ಏನೂ ಇಳಿಯುತ್ತಿಲ್ಲ. ಸೆಕೆಗೆ ಎಂದು ಡಾಕ್ಟರು ಹೇಳಿದರು.

ಅರವತ್ತೊಂದು ಅರ್ಜಿಗಳು ಬಂದಿದ್ದವಂತೆ. ಹಾಕಿದವರಲ್ಲಿ ಪದವಿ ಓದಿದವರು ಅನೇಕರು. ಆದ್ದರಿಂದ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಊರಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಬೇಡಿ. ಸಿಗದಿದ್ದರೆ ಅದು ನಿಮ್ಮ ಯೋಗ್ಯತೆಯ ಮಾತಲ್ಲ ಎಂದು ತಿಳಿಯಿರಿ.

ಗೋಡೆಯ ಮೇಲಿನ ನನ್ನ ಹೆಸರು ಅಳಿಸಿಬಿಡಿ. ನಾನು ಆ ಶಾಲೆಯ ಮಗುವಲ್ಲ, ಅಲ್ಲಿ ನನಗೇನು ಕೆಲಸ?

ಇಂತಿ,
ಫೆಂಗ್‌ಸಾವನ್

*

ಹುವೈ ತೊಂಗ್
೬ ಆಗಸ್ಟ್ ೨೦೦೬

ಪೆಂಗ್,

ಮೊದಲು ಬಾಯಿಹುಣ್ಣಿನ ಮಾತು. ನಿನ್ನಮ್ಮನಿಗೆ ಓದಿ ಹೇಳಿದೆ. ಅವರು ಎರಡೂ ಕೈ ಎತ್ತಿ ಕೂಗಿದರು, "ಅಯ್ಯೋ, ಯಾರ್ದೋ ಮನೇಲಿ ತಿಳೀದೆ ಜರಿ ತಿಂದವಳೆ ನನ್ ಮಗಳು! ಪಟ್ನದೋರು ಎಲ್ಲ ಸೊಪ್ಪೂ ಒಂದೇ ಪಾತ್ರೆಗೆ ಹಾಕ್ತಾರೆ!" ಬೆಳಿಗ್ಗೆಯೇ ಒಂದು ಕೋಳಿ ಕೊಯ್ದು ಮುತ್ತಜ್ಜನಿಗೆ ತಪ್ಪೊಪ್ಪಿಸಿದ್ದಾರೆ. ಮುತ್ತಜ್ಜನನ್ನು ತಿಂದ ಬಾಯಿ ಹುಣ್ಣಾಗುತ್ತದಲ್ಲ, ತಿಳಿಯದೆ ತಿಂದರೆ ಒಂದು ಕೋಳಿ ಸಾಕಂತೆ. ಕಾಗದದ ಜೊತೆಗಿರುವ ತೊಗಟೆಯನ್ನು ನೀರಲ್ಲಿ ಕುದಿಸಿ ಬಾಯಿ ಮುಕ್ಕಳಿಸು.

ಇನ್ನು ನನ್ನದು. ಆಗಸ್ಟ್ ಮೂರರಂದು ಕಾಗದ ಬಂತು. ದಪ್ಪ ಬಿಳಿ ಕಾಗದ, ಮೇಲೆ ಬಟ್ಟಲು. "ನಿಮ್ಮ ಆಸಕ್ತಿಗೆ ಕೃತಜ್ಞರಾಗಿದ್ದೇವೆ" ಎಂದು ಶುರುವಾಗುತ್ತದೆ. ಇಲ್ಲ ಎನ್ನುವುದನ್ನು ಇಷ್ಟು ಮರ್ಯಾದೆಯಿಂದ ನನಗೆ ಯಾರೂ ಹೇಳಿರಲಿಲ್ಲ. ತಾನ್ ಮಾವ ಬಸ್ಸು ನಿಲ್ಲಿಸಿಕೊಂಡೇ ಕಾದಿದ್ದ. "ಏನಂತೆ?" ಎಂದ. "ಕೃತಜ್ಞರಂತೆ" ಎಂದೆ. "ಹಂಗಂದ್ರೆ ಸಿಕ್ತಾ?" ಎಂದ. ಪ್ರಯಾಣಿಕರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರು.

ಊರಲ್ಲಿ ಹೇಳಿಕೊಂಡು ತಿರುಗಬೇಡ ಎಂದು ನೀನು ಬರೆದ ಕಾಗದ ಬರುವ ಹೊತ್ತಿಗೆ ತಿರುಗಿ ಮುಗಿದಿತ್ತು. ನಾಲ್ಕು ದಿನದಿಂದ ನಲ್ಲಿಯ ಹತ್ತಿರ ಎಲ್ಲರೂ ನೀರು ಹಿಡಿದು ಹೋದ ಮೇಲೆ ಹೋಗುತ್ತಿದ್ದೇನೆ. ಯಾರೂ ಏನೂ ಅನ್ನುವುದಿಲ್ಲ. ಅದೇ ಕಷ್ಟ. ನನ್ನನ್ನು ನೋಡಿದ ಕೂಡಲೇ ಮಳೆಯ ಮಾತು ತೆಗೆಯುತ್ತಾರೆ. "ನಾನ್ಯಾಕೆ ಆ ಸರದಿಯಲ್ಲಿ ನಿಂತೆ?" ಎಂದು ನಾಚಿಕೆಯಾಗುತ್ತದೆ. ಬೆಟ್ಟದವರನ್ನು ಸ್ವಾಗತಿಸುತ್ತೇವೆ ಎಂಬುದನ್ನು ನಿಜವೆಂದು ನಂಬಿದವಳು ನಾನೊಬ್ಬಳೇ ಇರಬೇಕು.

ಕೆಲಸ ಸಿಕ್ಕವನ ಹೆಸರು ವೊಂಗ್‌ಫೆಟ್, ಲುವಾಂಗ್ ಪ್ರಬಾಂಗ್‌ನವನು. ನಿನ್ನೆ ಬಂದಿದ್ದ. ಒಳ್ಳೆಯ ಮನುಷ್ಯ. ಅಡುಗೆಮನೆ ಚೊಕ್ಕಟವಾಗಿರಬೇಕೆಂದು ಗೋಡೆಗೆ ಸುಣ್ಣ ಹೊಡೆಸಿದ. ನಾನು ಹೋಗುವಷ್ಟರಲ್ಲಿ ಗೋಡೆ ಬೆಳ್ಳಗಾಗಿತ್ತು. ಅವನ ತಪ್ಪಲ್ಲ, ಇದ್ದಿಲ ಗೀಚು ಎಂದುಕೊಂಡ. ನಿನ್ನ ಹೆಸರನ್ನು ನಾನು ಅಳಿಸಬೇಕಾಗಲಿಲ್ಲ.

ಒಂದೇ ಒಂದು ಕೆಲಸ ಮಾಡಿಕೊಡು. ಕಾಗದದ ಕೊನೆಯಲ್ಲಿ, ಮೂವತ್ತು ದಿನದೊಳಗೆ ಕೇಳಿದರೆ ಅಂಕದ ಹಾಳೆಗಳನ್ನು ಕಳಿಸಿಕೊಡುತ್ತೇವೆ ಎಂದಿದೆ. ಕೇಳಿ ಬರೆದಿದ್ದೇನೆ. ಆದರೆ ಅದರ ಭಾಷೆ ನನಗೆ ತಿಳಿಯುತ್ತದೋ ಇಲ್ಲವೋ. ನೀನು ನೋಡಿ, ನಾನು ಎಲ್ಲಿ ತಪ್ಪಿದೆ ಎಂದು ಬಿಡಿಸಿ ಹೇಳು. ಜಗಳಕ್ಕಲ್ಲ, ತಿದ್ದಿಕೊಳ್ಳಲು. ನಾನು ಮೇಷ್ಟರಿಕೆ ಮಾಡಿದವಳು. ತಪ್ಪು ತೋರಿಸದೆ ಸೊನ್ನೆ ಹಾಕುವವರನ್ನು ಕಂಡರೆ ನನಗಾಗದು.

ಫನ್

*

ಹುವೈ ತೊಂಗ್
೨೭ ಆಗಸ್ಟ್ ೨೦೦೬

ಪೆಂಗ್,

ಮೂರು ವಾರವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ನೂಡಲ್ ಅಜ್ಜಿ, "ಕಾಗದ ತಗೊಂಡೋದ್ಳು, ಅಲ್ಲೇ ಸ್ಟೂಲಿನ ಮೇಲೆ ಕೂತು ಓದಿದ್ಳು, ನೂಡಲ್ ತಣ್ಣಗಾದ್ರೂ ಮುಟ್ಲಿಲ್ಲ" ಎಂದು ತಾನ್ ಮಾವನಿಗೆ ಹೇಳಿದಳಂತೆ. ಬಾಯಿ ಇನ್ನೂ ವಾಸಿಯಾಗಿಲ್ಲವೇ?

ಹೊಸ ಮೇಷ್ಟರು ನಾಳೆ ಬರುತ್ತಾರೆ. ಬೀಗದ ಕೈ ಒರೆಸಿ ಇಟ್ಟಿದ್ದೇನೆ.

ಫನ್

*

ವಿಯೆಂಟಿಯಾನ್
೪ ಸೆಪ್ಟೆಂಬರ್ ೨೦೦೬

ಅಕ್ಕ,

ಇದನ್ನು ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಮಾತ್ರ ಲಾವ್. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಎಷ್ಟೋ ಪದ ತಡಕಬೇಕಾಗಿದೆ. ಅಮ್ಮನಿಗೆ ಓದಿ ಹೇಳಬೇಡ. ಮೊದಲು ನೀನು ಓದು.

ಆಯ್ಕೆ ಸಮಿತಿಯಲ್ಲಿ ನಾನಿಲ್ಲ ಎಂದು ಮಾರ್ಚಿನಲ್ಲಿ ಬರೆದಿದ್ದೆ. ಆಗ ಅದು ನಿಜ. ಮೇ ಕೊನೆಯಲ್ಲಿ ವಂಬುಯಿ ಮೇಡಂ ನನ್ನನ್ನು ಕರೆದು, "ನೀನು ಉತ್ತರದವಳಲ್ವಾ, ಬಾ, ಮೂರನೆಯವಳಾಗಿ ಕೂತ್ಕೋ" ಎಂದರು. ಕೂತೆ. ನಿನಗೆ ತಿಳಿಸಲಿಲ್ಲ. ಮೊದಲ ಹಾಳೆಯಲ್ಲಿ ಒಂದೇ ಪ್ರಶ್ನೆ: "ಅರ್ಜಿದಾರರಲ್ಲಿ ಯಾರಾದರೂ ನಿಮಗೆ ಗೊತ್ತೇ?" ಗೊತ್ತು ಎಂದರೆ ಎದ್ದು ಹೋಗಬೇಕು, ಬೇರೆಯವರು ಬಂದು ಕೂರುತ್ತಾರೆ. ಅದರಲ್ಲಿ ಅವಮಾನವೇನೂ ಇಲ್ಲ. ಹೋದ ತಿಂಗಳು ಒಬ್ಬರು ಹಾಗೆ ಎದ್ದು ಹೋಗಿ ಕಾಫಿ ಕುಡಿದರು. ನಾನು 'ಇಲ್ಲ' ಎಂದು ಗುರುತು ಹಾಕಿದೆ. 'ಗೊತ್ತು' ಎಂದರೆ, "ಹೇಗೆ ಗೊತ್ತು?" ಎಂದು ಕೇಳುತ್ತಾರೆ. ಒಂದೇ ಊರು, ಒಂದೇ ಬೆಡಗು ಎಂದು ಹೇಳಬೇಕು. ಅಕ್ಕ, ಇಲ್ಲಿ ನಾನು ಖ್ಮು ಎಂದು ಯಾರಿಗೂ ಗೊತ್ತಿಲ್ಲ. ಲುವಾಂಗ್ ಪ್ರಬಾಂಗ್‌ನ ಲಾವ್ ಮನೆತನ ಎಂದುಕೊಂಡಿದ್ದಾರೆ. ಅದು ಗಂಡನ ಮನೆತನ. ಕೆಲಸಕ್ಕೆ ಸೇರಿದಾಗ ಯಾರೋ ಹಾಗೆ ತಿಳಿದರು, ನಾನು ತಿದ್ದಲಿಲ್ಲ. ಒಂಬತ್ತು ವರ್ಷ ತಿದ್ದಲಿಲ್ಲ. ಕಾಗದವನ್ನು ನೂಡಲ್ ಅಂಗಡಿಗೆ ಕಳಿಸು ಎಂದದ್ದು ಅದಕ್ಕೇ. ಟಪಾಲು ಕೆಟ್ಟಿರಲಿಲ್ಲ.

ಮೂವತ್ತೇಳನೇ ಅರ್ಜಿ ನಿನ್ನದು. ಹೆಸರಿನ ಮೇಲೆ ಮಸಿ ಇತ್ತು. ಎರಡನೇ ಪುಟದಲ್ಲಿ ಬಾವಿಯ ಹತ್ತಿರ ಕುಸಿದ ಹುಡುಗಿ ಇದ್ದಳು.

ನಮ್ಮ ಜೊತೆ ಸೋಮ್‌ಫೋನ್ ಎಂಬುವರು ಕೂತಿದ್ದರು. ಕೆಟ್ಟವರಲ್ಲ, ಬಾಯಿ ಸಡಿಲ. "ಇದ್ನ ನೋಡಿ, ಗೋಡೆ ಮೇಲೆ ಬೆಕ್ಕು, ಹಕ್ಕಿ, ಸೊಪ್ಪು! ಅಡುಗೆಮನೇನೋ ಮೃಗಾಲಯಾನೋ?" ಎಂದು ನಕ್ಕರು. ಮೇಡಂ ನಗಲಿಲ್ಲ. "ನನಗೆ ಇದು ಬಹಳ ಹಿಡಿಸ್ತು" ಎಂದು ಹೇಳಿ ನನ್ನ ಕಡೆ ತಿರುಗಿದರು. "ಫೆಂಗ್‌ಸಾವನ್, ನಿಂಗೆ ಆ ಕಡೆ ಗೊತ್ತಲ್ಲ. ಇದು ನಿಜಾನಾ? ಮಕ್ಕಳು ಹಸಿದ್ರೂ ತಿನ್ನಲ್ವಾ?"

ಅಕ್ಕ, ಆಗ ನಾನು ಬರೀ ಹೌದು ಎಂದಿದ್ದರೆ ಸಾಕಿತ್ತು. ಹೌದು ಎನ್ನಲು ಖ್ಮು ಆಗಿರಬೇಕಾಗಿಯೂ ಇರಲಿಲ್ಲ. ಆದರೆ ಸೋಮ್‌ಫೋನ್ ನನ್ನ ಮುಖವನ್ನೇ ನೋಡುತ್ತಿದ್ದರು, ಅಥವಾ ನನಗೆ ಹಾಗೆ ಅನಿಸಿತು. "ಅಂಥದ್ದೆಲ್ಲ ಈಗೇನೂ ಇಲ್ಲ ಮೇಡಂ. ಹಳೇ ಕಾಲದ ಮಾತು. ಚೆನ್ನಾಗಿ ಕಾಣ್ಲಿ ಅಂತ ಕಟ್ಟಿ ಬರೆದಿದಾರೆ" ಎಂದೆ. ಹತ್ತಕ್ಕೆ ಎರಡು ಅಂಕ ಹಾಕಿದೆ. ಮೇಡಂ ತಾವು ಹಾಕಿದ್ದ ಒಂಬತ್ತನ್ನು ಹೊಡೆದು ನಾಲ್ಕು ಮಾಡಿದರು. ನನ್ನನ್ನು ನಂಬಿ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಜರಿ ಸಾರು ಇತ್ತು. ಅದು ಇದ್ದ ದಿನ ಹೊಟ್ಟೆನೋವು ಎನ್ನುವುದು ನನ್ನ ರೂಢಿ. ಆ ದಿನ ಒಂದು ಬಟ್ಟಲು ಪೂರ್ತಿ ತಿಂದೆ. ಸೋಮ್‌ಫೋನ್ ಎದುರಿಗೆ ಕೂತಿದ್ದರು. "ಇನ್ನೊಂದು ಸ್ವಲ್ಪ?" ಎಂದರು. ಹಾಕಿಸಿಕೊಂಡೆ.

ತಿಳಿಯದೆ ತಿಂದರೆ ಒಂದು ಕೋಳಿ ಎಂದು ಅಮ್ಮ ಹೇಳಿದರೆಂದು ಬರೆದಿದ್ದೆಯಲ್ಲ. ತಿಳಿದು ತಿಂದರೆ ಎಷ್ಟು ಎಂದು ಅವರನ್ನು ಕೇಳಬೇಡ.

ನೀನು ಅಂಕದ ಹಾಳೆ ಕೇಳಿ ಬರೆದ ಕಾಗದ ನನ್ನ ಮೇಜಿಗೇ ಬಂತು. ಆ ಹಾಳೆಯಲ್ಲಿ ನನ್ನ ಕೈಬರಹ ಇದೆ. ನಿನಗೆ ನನ್ನ ಕೈಬರಹ ಗೊತ್ತು, ನೀನೇ ತಿದ್ದಿಸಿದ್ದು. ಮೂರು ವಾರ ನಿನ್ನ ಆ ಕಾಗದವನ್ನು ಖಾನೆಯಲ್ಲಿ ಇಟ್ಟುಕೊಂಡೆ. ಮೂವತ್ತು ದಿನ ಕಳೆದ ಮೇಲೆ ಬಂತು ಎಂದು ಹೇಳಿಬಿಡೋಣ ಎಂದೂ ಒಂದು ದಿನ ಯೋಚಿಸಿದೆ. ಅದನ್ನೂ ಬರೆದುಬಿಡುತ್ತೇನೆ, ಈಗ ಮುಚ್ಚಿಡಲು ಉಳಿದಿರುವುದೇನು? ನೀನು ಹಾಳೆ ಕೇಳದೇ ಇದ್ದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇ? ಗೊತ್ತಿಲ್ಲ. ಬಿಡುತ್ತಿದ್ದೆ ಎಂದು ಬರೆಯಲು ಕೈ ಬರುತ್ತಿಲ್ಲ.

ಮೊನ್ನೆ ಶುಕ್ರವಾರ, ದಿನ ಮುಗಿಯುವ ಮುಂಚೆ, ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. "ಹೆಸರು ಮುಚ್ಚಿದ್ದು ಅವರನ್ನ ಕಾಪಾಡೋಕೆ. ನೀನು ಬಚ್ಚಿಟ್ಕೊಳ್ಳೋಕಲ್ಲ" ಎಂದರು. ಆಮೇಲೆ, "ನಾನು ನಿನ್ನನ್ನ ಕೇಳಿದ್ದೂ ತಪ್ಪು. ಒಬ್ಬಳ ಮಾತಿಗೆ ಒಂಬತ್ತನ್ನ ನಾಲ್ಕು ಮಾಡಿದ್ದು ನಾನು. ಅದನ್ನೂ ಬರಿ" ಎಂದು ಹೇಳಿಕೆ ಬರೆಯಲು ಕಾಗದ ಕೊಟ್ಟರು.

ಎಲ್ಲ ಅರ್ಜಿಗಳನ್ನೂ ಹೊಸಬರು ಮತ್ತೆ ನೋಡುತ್ತಾರೆ. ನಿನಗೆ ಸಿಗುತ್ತದೆ ಎಂದು ಹೇಳಲಾರೆ. ನಾನು ಅದರ ಹತ್ತಿರವೂ ಹೋಗುವಂತಿಲ್ಲ. ನನ್ನ ಕಡತಕ್ಕೆ ಎಚ್ಚರಿಕೆ ಪತ್ರ ಸೇರಿತು, ನೇಮಕಾತಿ ವಿಭಾಗದಿಂದ ತೆಗೆದು ಉಗ್ರಾಣದ ಲೆಕ್ಕಕ್ಕೆ ಹಾಕಿದ್ದಾರೆ. ಸೋಮ್‌ಫೋನ್ ಇವತ್ತು ನನ್ನ ಮೇಜಿನ ಹತ್ತಿರ ಬಂದು, "ಒಂಬತ್ತು ವರ್ಷ ಜೊತೇಲಿ ಊಟ ಮಾಡಿದೀವಿ. ನಾನು ಏನೇನೆಲ್ಲ ಅಂದಿದೀನೋ... ನೀನ್ಯಾಕೆ ತಡೀಲಿಲ್ಲ?" ಎಂದರು. ಅವರ ಮುಖ ಕೆಂಪಾಗಿತ್ತು.

ನೀನು ಎಲ್ಲಿ ತಪ್ಪಿದೆ ಎಂದು ಬಿಡಿಸಿ ಹೇಳು ಎಂದಿದ್ದೆ. ಎಲ್ಲಿಯೂ ತಪ್ಪಿಲ್ಲ ಅಕ್ಕ. ಅರವತ್ತೊಂದರಲ್ಲಿ ಅದಕ್ಕಿಂತ ಒಳ್ಳೆಯ ಉತ್ತರ ನಾನು ಓದಲಿಲ್ಲ.

ನೀನು ನಲ್ಲಿಯ ಹತ್ತಿರ ಎಲ್ಲರೂ ಹೋದ ಮೇಲೆ ಹೋಗುತ್ತಿದ್ದೀಯಲ್ಲ. ಆ ನಾಚಿಕೆ ನನ್ನದು. ನಿನ್ನ ತಲೆಯ ಮೇಲೆ ಹೊರಿಸಿದ್ದೆ. ಅದನ್ನು ಕೆಳಗಿಳಿಸು.

ಪೆಂಗ್

*

ಹುವೈ ತೊಂಗ್
೨೬ ನವೆಂಬರ್ ೨೦೦೬

ಪೆಂಗ್,

ನಿನ್ನ ಕಾಗದ ಸೆಪ್ಟೆಂಬರಿನಲ್ಲೇ ಬಂತು. ಮೂರು ಸಲ ಉತ್ತರ ಬರೆಯಲು ಕೂತು ಮೂರೂ ಸಲ ಒಲೆಗೆ ಹಾಕಿದೆ. ಒಲೆಗೆ ಹಾಕಿದ್ದರಲ್ಲಿ ಏನಿತ್ತು ಎಂದು ಕೇಳಬೇಡ. ಮಕ್ಕಳ ಮುಂದೆ ಆಡುವ ಮಾತಲ್ಲ.

ಸುದ್ದಿ ಹೇಳುತ್ತೇನೆ. ಅಕ್ಟೋಬರಿನಲ್ಲಿ ಆರು ಜನರನ್ನು ಸಾಯ್ ಪಟ್ಟಣಕ್ಕೆ ಕರೆದರು. ಈ ಸಲ ಆಯ್ಕೆಗೆ ಕೂತವರಲ್ಲಿ ಒಬ್ಬರು ಜಿಲ್ಲಾ ಆಸ್ಪತ್ರೆಯ ಖ್ಮು ದಾದಿ, ಬಿಳಿಯ ಟೋಪಿ ಹಾಕಿಕೊಂಡೇ ಬಂದಿದ್ದರು. ಮಾತಿಗಿಂತ ಮೊದಲು ಒಂದು ಚೀಲ ಹಳದಿ ಹಿಟ್ಟು ಕೊಟ್ಟು, ಮೂವರು ಅಡುಗೆ ಹೆಂಗಸರನ್ನು ಎದುರಿಗೆ ಕೂರಿಸಿ, "ಇದನ್ನೇನು ಮಾಡ್ಬೇಕು ಅಂತ ಇವ್ರಿಗೆ ತಿಳಿಸಿ" ಎಂದರು. ಮೊದಲು ನಮ್ಮೂರ ಹಂದಿಗಳ ಕಥೆ ಹೇಳಿದೆ. ಒಬ್ಬಳು ನಕ್ಕು ನಕ್ಕು, "ನಮ್ಮೂರಲ್ಲೂ ಹಂಗೇ ಮಾಡಿದ್ವಿ, ಯಾರ್ಗೂ ಹೇಳ್ಬೇಡಿ!" ಎಂದಳು. ನಿನ್ನ ವಂಬುಯಿ ಮೇಡಂ ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಕೊನೆಗೆ ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದು, "ತಪ್ಪಾಯ್ತು" ಎಂದರು. ಅಂಥ ದೊಡ್ಡ ಹೆಂಗಸು. ಯಾವ ಕಡೆ ನೋಡಬೇಕೋ ನನಗೆ ತಿಳಿಯಲಿಲ್ಲ.

ಕೆಲಸ ನನಗೆ ಬಂತು. ವೊಂಗ್‌ಫೆಟ್‌ನನ್ನು ಕೆಳಗಿನ ಜಿಲ್ಲೆಗೆ ಕಳಿಸಿದ್ದಾರೆ. ಹೋಗುವ ಮುಂಚೆ ಗೋಡೆಯ ವಿಷಯ ಯಾರೋ ಅವನಿಗೆ ಹೇಳಿದರಂತೆ. ಎರಡು ಕಟ್ಟು ಬಣ್ಣದ ಸೀಮೆಸುಣ್ಣ ಇಟ್ಟು ಹೋಗಿದ್ದಾನೆ.

ಹೊಸ ಅಕ್ಕಿಯ ಹಬ್ಬದ ದಿನ ಊರು ನನಗೆಂದು ಹೆಂಡದ ಗಡಿಗೆ ತೆರೆಯಿತು. ಮುಖ್ಯಸ್ಥ ಹೆಂಡ ಹೀರುವ ಬಿದಿರ ಕೊಳವೆ ಎತ್ತಿ ಹಿಡಿದು ಕೂಗಿದ, "ಮೊದಲ ಗುಟುಕು ಫನ್‌ದಲ್ಲ, ಪೆಂಗ್‌ದು! ನಮ್ಮ ಪೆಂಗ್ ಅಲ್ಲಿ ಕೂತು ಒಂದು ಮಾತು ಹೇಳ್ದೆ ಹೋಗಿದ್ರೆ ನಮ್ಮಂಥೋರಿಗೆ ಎಲ್ಲಿಂದ ಸಿಗ್ತಿತ್ತು ಕೆಲ್ಸ?" ಎಲ್ಲರೂ ಹೋ ಎಂದರು. ನೀನು ಅಲ್ಲಿ ಕೂತು ಹೇಳಿದ ಆ ಒಂದು ಮಾತು ಯಾವುದು ಎಂಬುದು ಅಷ್ಟು ಜನರಲ್ಲಿ ನನಗೊಬ್ಬಳಿಗೇ ಗೊತ್ತು.

ಬಾಯಿ ತೆರೆದೆ. ನಿನ್ನಮ್ಮ ನೀನು ಕಳಿಸಿದ ಸ್ವೆಟರ್ ಹಾಕಿಕೊಂಡು ಗಡಿಗೆಯ ಪಕ್ಕದಲ್ಲೇ ಕೂತಿದ್ದರು. ನಿನ್ನ ಬದಲಿಗೆ ಕೊಳವೆಗೆ ಬಾಯಿ ಹಚ್ಚಿದರು. ಬಾಯಿ ಮುಚ್ಚಿಕೊಂಡೆ. ನಿನಗಾಗಿ ಅಲ್ಲ.

ಎರಡು ಅಂಕ ಹಾಕಿದ್ದನ್ನು ನಾನು ಮರೆಯಬಲ್ಲೆ, ಪೆಂಗ್. ನಾನೂ ಮಕ್ಕಳಿಗೆ ಸಿಟ್ಟಿನಲ್ಲಿ ಕಡಿಮೆ ಹಾಕಿದವಳೇ. ಜರಿ ತಿಂದದ್ದು ನೀನೂ ಮುತ್ತಜ್ಜನೂ ಬಗೆಹರಿಸಿಕೊಳ್ಳಬೇಕಾದದ್ದು. ಆದರೆ "ಅಂಥದ್ದೆಲ್ಲ ಈಗೇನೂ ಇಲ್ಲ" ಎಂದೆಯಲ್ಲ, ಅದು ನನಗೊಬ್ಬಳಿಗೆ ಅಂದ ಮಾತಲ್ಲ. ಆ ಏಳು ಮಕ್ಕಳು ಬಟ್ಟಲು ಹಿಡಿದು ಕೂತಿದ್ದರು, ನೀನು ಅವರ ತಲೆಯ ಮೇಲೆ ಸುಣ್ಣ ಹೊಡೆದೆ. ವೊಂಗ್‌ಫೆಟ್‌ನಿಗಿಂತ ಎರಡು ತಿಂಗಳು ಮೊದಲು. ಅವನಿಗಾದರೂ ಗೊತ್ತಿರಲಿಲ್ಲ. ಇದನ್ನು ಕ್ಷಮಿಸಲು ನಾನು ಯಾರು? ಬಟ್ಟಲು ಹಿಡಿದವಳು ನಾನಲ್ಲ.

ನಲ್ಲಿಯ ಹತ್ತಿರ ಈಗ ಎಲ್ಲರ ಜೊತೆಗೇ ಹೋಗುತ್ತಿದ್ದೇನೆ. ಅದನ್ನು ಕೆಳಗಿಳಿಸು ಎಂದಿದ್ದೆಯಲ್ಲ, ಇಳಿಸಿದೆ.

ನಿನ್ನೆ ಅಡುಗೆಮನೆಯ ಗೋಡೆಯನ್ನು ಮತ್ತೆ ಬರೆದೆ. ಈ ಸಲ ಬಣ್ಣದಲ್ಲಿ. ಪುನುಗಿನ ಬೆಕ್ಕು ಹಳದಿ, ನೀರುನಾಯಿ ನೀಲಿ. ಜರಿಗೆ ಹಸಿರು ಸೀಮೆಸುಣ್ಣ ಅರ್ಧ ಖರ್ಚಾಯಿತು, ಸುರುಳಿ ಬಿಡಿಸುವುದು ಸುಲಭವಲ್ಲ. ಈಗ ಒಂಬತ್ತು ಮಕ್ಕಳಿದ್ದಾರೆ, ನಿನ್ನಣ್ಣನ ದೊಡ್ಡವಳೂ ಸೇರಿ. ಒಂಬತ್ತೂ ಹೆಸರು ಬರೆದೆ. ಮೊಟ್ಟಮೊದಲ ಜಾಗ ಖಾಲಿ ಬಿಟ್ಟಿದ್ದೇನೆ.

ಆ ಚಿಕ್ಕವಳು ಬಂದು, "ಟೀಚರ್, ಇಲ್ಲಿದ್ದ ಆ ದೊಡ್ಡ ಕಚೇರಿಯೋಳು ಎಲ್ಲಿ?" ಎಂದು ಕೇಳಿದಳು.

"ಅವಳಿಗೆ ಬರಿಯೋಕೆ ಬರ್ತದೆ, ಅವಳೇ ಬಂದು ಬರ್ಕೋತಾಳೆ" ಎಂದೆ.

ಹಸಿರು ಸೀಮೆಸುಣ್ಣದ ಉಳಿದರ್ಧವನ್ನು ಕಿಟಕಿಯ ಮೇಲೆ ಇಟ್ಟಿದ್ದೇನೆ. ಮಕ್ಕಳು ಮುಟ್ಟಬಾರದೆಂದು ಹೇಳಿದ್ದೇನೆ. ತಾನ್ ಮಾವನ ಬಸ್ಸು ಮೊದಲಿನ ಹಾಗೇ ಗುರುವಾರ, ಭಾನುವಾರ.

ಫನ್